ಚಾಳೀಸಿನ ಡಬ್ಬಿಯಲ್ಲಿದ್ದ ಗುಳಿಗೆ

ಈ ಪತ್ರಿಕೆಯ ಓದುಗ ಬಾಂಧವರಿಗೆ ನಾವು ಹೊಸಬರಲ್ಲ. ಶಬ್ದಗಳ ಮೂಲ, ಹಸ್ತಪ್ರತಿಗಳ ಪಾಠಭೇದ, ಪೂಜಾವಿಧಿಯ ಸೂಕ್ಷ್ಮಗಳು ಇವೇ ಮೊದಲಾದ ವಿಷಯಗಳನ್ನು ಕುರಿತು ಬರೆದುಕೊಂಡು ಬಂದವರು ನಾವು. ನಮ್ಮ ಮೈಯ ಬೇನೆಯನ್ನು ಕುರಿತು ಎಂದೂ ಬರೆದವರಲ್ಲ, ಬರೆಯತಕ್ಕದ್ದಲ್ಲವೆಂದೇ ತಿಳಿದಿದ್ದೆವು. ಆದರೆ ನಾವು ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದುದರಿಂದ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಪಟ್ಟ ಸಂಕಟವನ್ನು ಕಣ್ಣಾರೆ ಕಂಡ ಮೇಲೆ ಆ ತಿಳಿವಳಿಕೆ ತಪ್ಪೆಂದು ತೋರಿತು. ಆ ಮಗಳ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ. ಅವಳ ಹೆಸರು, ಕೊಟ್ಟ ಊರು ಇಲ್ಲಿ ಬೇಡ.

ನಮಗೆ ಅರೆತಲೆಶೂಲೆ ಮೊದಲು ಬಂದದ್ದು 1974ರ ಶಿವರಾತ್ರಿಯ ಮರುದಿನ. ಆಗ ನಮಗೆ ಹದಿನೈದು ವರ್ಷ. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದೆವು. ಹಗಲೆಲ್ಲ ಉಪವಾಸ, ಇರುಳೆಲ್ಲ ಜಾಗರಣೆ. ಬೆಳಗಿನ ಪಾಠಕ್ಕೆ ಕುಳಿತಾಗ ಪುಟದ ನಡುವೆ ಒಂದು ಅಕ್ಷರ ಕಾಣದಾಯಿತು. ಕಣ್ಣುಜ್ಜಿಕೊಂಡೆವು. ಕಾಣದ ಜಾಗ ಹಿರಿದಾಗುತ್ತ ಹೋಗಿ, ಅದರ ಅಂಚಿಗೆ ಕೋಟೆಯ ತೆನೆಗಳಂತೆ ಅಂಕುಡೊಂಕಾಗಿ ಮಿನುಗುವ ಗೆರೆಯೊಂದು ಹುಟ್ಟಿತು. ಅರ್ಧ ಗಂಟೆಯಲ್ಲಿ ಅದು ಮಾಯವಾಯಿತು. ಅದು ಹೋದ ಬೆನ್ನಿಗೇ ಬಲಗಣ್ಣಿನ ಹಿಂದೆ ಯಾರೋ ಸುತ್ತಿಗೆಯಿಂದ ಬಡಿಯತೊಡಗಿದಂತಹ ನೋವು. ವಾಂತಿಯಾಯಿತು. ಬೆಳಕು ಬೇಡ, ಸಪ್ಪಳ ಬೇಡ, ದಾಸೋಹದ ಮನೆಯಿಂದ ಬರುವ ಒಗ್ಗರಣೆಯ ವಾಸನೆ ಬೇಡ. ಗುರುಗಳು ನಮ್ಮನ್ನು ಕಾಳುಕಡಿ ತುಂಬಿಡುವ ಕತ್ತಲೆಕೋಣೆಯಲ್ಲಿ ಮಲಗಿಸಿ ಹಣೆಗೆ ತಣ್ಣೀರಿನ ಬಟ್ಟೆ ಹಾಕಿಸಿದರು. ಸಂಜೆ ಎದ್ದು ಕುಳಿತಾಗ, ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹನ್ನೊಂದು ಬಗೆಯ ಶಿರೋರೋಗಗಳನ್ನು ಹೇಳಿದೆಯೆಂದೂ, ಅವುಗಳಲ್ಲಿ ಅರ್ಧಾವಭೇದಕವೆಂಬುದು ತಲೆಯ ಅರ್ಧವನ್ನು ಒಡೆದಂತೆ, ಚುಚ್ಚಿದಂತೆ ಮಾಡಿ ಪಕ್ಷಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಅಕಸ್ಮಾತ್ತಾಗಿಯೋ ಬರುವುದೆಂದೂ ಹೇಳಿ, "ಹಳೇ ಬ್ಯಾನಿ ಐತಿ, ಅಂಜಬ್ಯಾಡ" ಎಂದರು. ಅಂದಿನಿಂದ ಅದು ನಮ್ಮನ್ನು ಬಿಡಲಿಲ್ಲ.

ಎಡಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ದೃಷ್ಟಿ ನಿಲ್ಲಿಸಿ ಕುಳಿತುಕೊಳ್ಳುವುದು ನಮ್ಮ ನಿತ್ಯವಿಧಿ. ಶೂಲೆಯ ದಿನ ಪಕ್ಕದಲ್ಲಿ ಉರಿಯುವ ದೀಪದ ಕುಡಿಯೇ ಸೂಜಿಯಾಗಿ ಕಣ್ಣಿಗೆ ಚುಚ್ಚುವುದು. ಕಣ್ಣು ಮುಚ್ಚಿಯೇ ಪೂಜೆ ಮುಗಿಸಿದ ದಿನಗಳೆಷ್ಟೋ. ಭಕ್ತಿಯಲ್ಲಿ ಕೊರತೆಯುಂಟಾಯಿತೆಂದು ನಮ್ಮನ್ನು ನಾವೇ ಹಳಿದುಕೊಂಡದ್ದೂ ಉಂಟು. ಶ್ರಾವಣಮಾಸದ ಪ್ರವಚನಕ್ಕೆ ಒಪ್ಪಿಕೊಂಡು, ವೇದಿಕೆಯ ದೀಪಗಳ ಎದುರಿಗೆ ಕೂರಲಾಗದೆ ಅರ್ಧಕ್ಕೆ ಎದ್ದುಬಂದ ಊರುಗಳಿವೆ. "ಶಾಸ್ತ್ರಿಗಳಿಗೆ ಕಾಣಿಕೆ ಕಡಿಮೆಯಾಗಿರಬೇಕು" ಎಂದು ಅಲ್ಲಿ ಯಾರೋ ನಕ್ಕರೆಂದು ಆಮೇಲೆ ಕಿವಿಗೆ ಬಿತ್ತು.

ನಲವತ್ತು ದಾಟಿದ ಮೇಲೆ ನೋವಿನ ಗುಳಿಗೆ ರೂಢಿಯಾಯಿತು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವಂಥದು. ಮೊದಲು ನೋವು ಬಂದಾಗ, ಆಮೇಲೆ ಬಂದೀತೆಂಬ ಅಂಜಿಕೆಗೆ, ಕೊನೆಕೊನೆಗೆ ಎದ್ದ ಕೂಡಲೇ ಒಂದು. 2009ರಲ್ಲಿ, ನಮ್ಮ ಐವತ್ತನೆಯ ವರ್ಷ, ಹುಬ್ಬಳ್ಳಿಯ ನರರೋಗತಜ್ಞರೊಬ್ಬರ ಬಳಿಗೆ ನಮ್ಮ ತಮ್ಮನು ಒತ್ತಾಯದಿಂದ ಕರೆದೊಯ್ದನು. ಅವರು ತಲೆಯ ಚಿತ್ರ ತೆಗೆಸಲು ಬರೆಯಲಿಲ್ಲ. ತಿಂಗಳಿಗೆ ಎಷ್ಟು ದಿನ ಗುಳಿಗೆ ನುಂಗುತ್ತೀರಿ ಎಂದು ಮಾತ್ರ ಕೇಳಿದರು. ಇಪ್ಪತ್ತಾದರೂ ಆದೀತು ಎಂದೆವು. ಅವರು ಲೇಖನಿಯನ್ನು ಕೆಳಗಿಟ್ಟು, ಈಗ ನಿಮ್ಮ ತಲೆನೋವಿನಲ್ಲಿ ಅರ್ಧ ಬೇನೆಯದು, ಅರ್ಧ ಗುಳಿಗೆಯದು ಎಂದರು. ಸಾಮಾನ್ಯ ನೋವಿನ ಗುಳಿಗೆಗಳನ್ನು ತಿಂಗಳಿಗೆ 15 ದಿನ, ಎರಡು ಮೂರು ಔಷಧ ಬೆರೆಸಿದವುಗಳನ್ನು 10 ದಿನ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ನುಂಗುತ್ತ ಬಂದರೆ ಆ ಗುಳಿಗೆಯೇ ಹೊಸ ತಲೆನೋವನ್ನು ಹುಟ್ಟಿಸುವುದಂತೆ. ಬೆಂಕಿ ಆರಿಸಲೆಂದು ಹೊಯ್ದದ್ದು ಎಣ್ಣೆಯೆಂದು ಮೂವತ್ತೈದು ವರ್ಷದ ನಂತರ ತಿಳಿಯಿತು.

ಅವರು ನೋವಿನ ಗುಳಿಗೆಯನ್ನು ನಿಲ್ಲಿಸಿಸಿ, ನೋವು ಬಾರದಂತೆ ತಡೆಯುವ ಗುಳಿಗೆಯೆಂದು ಅಮಿಟ್ರಿಪ್ಟಿಲೀನ್ ಎಂಬುದನ್ನು ಬರೆದುಕೊಟ್ಟರು. 10 ಮಿಲಿಗ್ರಾಮಿನದು, ರಾತ್ರಿ ಒಂದು. ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ದಿನಕ್ಕೆ ಕೆಂಪು ಗುರುತು ಹಾಕಲು ಹೇಳಿದರು. ಚೀಟಿ ಹಿಡಿದು ನಮ್ಮೂರಿನ ಔಷಧದಂಗಡಿಗೆ ಹೋದೆವು. ಸಂಜೆಯ ಹೊತ್ತು, ನಾಲ್ಕಾರು ಜನ ನಿಂತಿದ್ದರು, ಅವರಲ್ಲಿ ಇಬ್ಬರು ನಮ್ಮ ಪ್ರವಚನಕ್ಕೆ ಬರುವವರು. ಅಂಗಡಿಯ ಹುಡುಗನು ಚೀಟಿ ನೋಡಿ ಗಟ್ಟಿಯಾಗಿ, "ಇದು ತಲಿ ಕೆಟ್ಟವರ ಗುಳಿಗಿ ಐತ್ರೀ ಅಜ್ಜಾರ, ಯಾರಿಗ್ರೀ ಇದು?" ಎಂದು ಕೇಳಿದನು. "ಪರಿಚಯದವರೊಬ್ಬರಿಗೆ" ಎಂದೆವು.

ಆ ಒಂದು ಸುಳ್ಳು ಏಳು ವರ್ಷ ನಡೆಯಿತು. ಗುಳಿಗೆಯ ಪಟ್ಟಿಯನ್ನು ಕತ್ತರಿಸಿ ಹಳೆಯ ಚಾಳೀಸಿನ ಡಬ್ಬಿಯಲ್ಲಿ ಹಾಕಿ ಪುಸ್ತಕದ ಕಪಾಟಿನಲ್ಲಿ ಇಡುತ್ತಿದ್ದೆವು. ಮನೆಯವರು ಕೇಳಿದಾಗ ಶಕ್ತಿಯ ಗುಳಿಗೆಯೆಂದೆವು. ಮುಂದಿನ ವರ್ಷಗಳಲ್ಲಿ ಬೇರೆ ಊರಿನ ಅಂಗಡಿಯಿಂದಲೇ ತರಿಸಿಕೊಂಡೆವು. ಸತ್ಯದ ಮೇಲೆ ವರ್ಷಕ್ಕೆ ಹತ್ತು ಪ್ರವಚನವಾದರೂ ಮಾಡುತ್ತಿದ್ದವರು ನಾವು.

ಇಷ್ಟಕ್ಕೂ ಆ ಹುಡುಗನು ಹೇಳಿದ್ದು ಪೂರ್ಣ ಸುಳ್ಳೇನಲ್ಲ. ಗುಳಿಗೆಯ ಹಿಂದಿನ ಕಥೆಯನ್ನು ನಾವು ಆಮೇಲೆ ವಿಚಾರಿಸಿ ತಿಳಿದುಕೊಂಡೆವು. ಸ್ವಿಟ್ಜರ್‌ಲ್ಯಾಂಡಿನ ಮನೋವೈದ್ಯ ರೋಲಾಂಡ್ ಕೂನ್ ಎಂಬವರು ಇಮಿಪ್ರಮೀನ್ ಎಂಬ ರಾಸಾಯನಿಕವು ಖಿನ್ನತೆಯನ್ನು ಇಳಿಸುವುದೆಂದು 1957ರಲ್ಲಿ ಪ್ರಕಟಿಸಿದರು. ಅದರ ಅಣುರಚನೆಯಲ್ಲಿ ಮೂರು ಉಂಗುರಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಆ ಕುಲದ ಔಷಧಗಳಿಗೆಲ್ಲ ಟ್ರೈಸೈಕ್ಲಿಕ್, ಅಂದರೆ ಮೂರು ಬಳೆಯವು ಎಂದು ಹೆಸರು ಬಂತು. ಅದೇ ಕುಲದ ಅಮಿಟ್ರಿಪ್ಟಿಲೀನ್‌ಗೆ ಅಮೆರಿಕದಲ್ಲಿ 1961ರಲ್ಲಿ ಖಿನ್ನತೆಯ ಔಷಧವೆಂದು ಅನುಮತಿ ದೊರೆಯಿತು. ಅರೆತಲೆಶೂಲೆಯನ್ನು ತಡೆಯಲು ಅದು ಉಪಯೋಗವಾದೀತೇ ಎಂಬ ಪರೀಕ್ಷೆಯ ಫಲ ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ 1973ರಲ್ಲಿ ಅಚ್ಚಾಯಿತು; ನಾವು ಕತ್ತಲೆಕೋಣೆಯಲ್ಲಿ ಮಲಗುವುದಕ್ಕೆ ಒಂದು ವರ್ಷ ಮುಂಚೆ! 1976ರಲ್ಲಿ ಅಮೆರಿಕದ ವೈದ್ಯರು ಇನ್ನೊಂದು ಮುಖ್ಯ ಸಂಗತಿಯನ್ನು ಹೇಳಿದರು. ಖಿನ್ನತೆ ಇಲ್ಲದವರಿಗೂ ಈ ಔಷಧದಿಂದ ತಲೆಶೂಲೆ ಕಡಿಮೆಯಾಗುತ್ತದೆ. ಮನಸ್ಸು ಹಗುರಾಗಿ ಆ ಮೂಲಕ ತಲೆಯೂ ಹಗುರಾಗುವುದೆಂಬ ಊಹೆ ಸಾಲದು. ಅಮೆರಿಕದ ನರರೋಗತಜ್ಞರ ಸಂಸ್ಥೆ 2012ರಲ್ಲಿ ಮಾಡಿದ ಪಟ್ಟಿಯಲ್ಲಿ ಇದನ್ನು 'ಬಹುಮಟ್ಟಿಗೆ ಗುಣಕಾರಿ' ಎಂಬ ಎರಡನೆಯ ಸಾಲಿನಲ್ಲಿ ಇರಿಸಿದೆ, ಮೊದಲನೆಯ ಸಾಲಿನಲ್ಲಲ್ಲ. ಇದನ್ನೂ ಹೇಳಬೇಕಾದದ್ದು ನ್ಯಾಯ.

ಅದು ಕೆಲಸ ಮಾಡುವ ಬಗೆಯನ್ನು ವೈದ್ಯರು ನಮಗೆ ಸರಳವಾಗಿ ಹೇಳಿದರು. ನರದಿಂದ ನರಕ್ಕೆ ಸುದ್ದಿ ಒಯ್ಯುವ ಸಿರೊಟೋನಿನ್, ನಾರ್‌ಅಡ್ರಿನಲೀನ್ ಎಂಬ ದ್ರವ್ಯಗಳಿವೆ. ಸುದ್ದಿ ಮುಟ್ಟಿಸಿದ ಮೇಲೆ ಹೊರಟ ನರವೇ ಅವುಗಳನ್ನು ಮರಳಿ ಹೀರಿಕೊಳ್ಳುತ್ತದೆ. ಈ ಗುಳಿಗೆ ಆ ಹೀರಿಕೆಯನ್ನು ತಡೆಯುತ್ತದೆ. ನೋವಿನ ಸುದ್ದಿಯನ್ನು ಅಡಗಿಸುವ ಮಿದುಳಿನ ದಾರಿಗಳಿಗೆ ಅದರಿಂದ ಬಲ ಬರುತ್ತದೆ. ಅರೆತಲೆಶೂಲೆಯವರ ಮಿದುಳು ಬಹಳ ಎಚ್ಚರದ ಮಿದುಳು. ಬೆಳಕು, ವಾಸನೆ, ಹಸಿವು, ನಿದ್ದೆಗೇಡು ಯಾವುದು ತಾಕಿದರೂ ಎದ್ದು ಕೂಗುತ್ತದೆ. ನಮಗೆ ಕಂಡ ಕೋಟೆಯ ತೆನೆಗಳೂ ಮಿದುಳಿನ ಮೇಲ್ಪದರದಲ್ಲಿ ನಿಧಾನವಾಗಿ ಹರಡಿಕೊಳ್ಳುವ ಒಂದು ಅಲೆಯ ಫಲವಂತೆ. ಅಂತಹ ಅಲೆಯನ್ನು ಬ್ರೆಜಿಲ್ ದೇಶದ ಲಿಯಾವೊ ಎಂಬ ವಿಜ್ಞಾನಿ ಪ್ರಾಣಿಗಳ ಮಿದುಳಿನಲ್ಲಿ ಕಂಡು 1944ರಲ್ಲಿ ವರ್ಣಿಸಿದ್ದರು. ಖಿನ್ನತೆಗೆ ದಿನಕ್ಕೆ 75ರಿಂದ 150 ಮಿಲಿಗ್ರಾಮಿನವರೆಗೆ ಕೊಡುವ ವಾಡಿಕೆಯಿದ್ದರೆ ತಲೆಶೂಲೆಗೆ 10ರಿಂದ ಆರಂಭಿಸಿ ಬಹಳ ಜನರಿಗೆ 25, 50ರಲ್ಲಿಯೇ ನಿಲ್ಲಿಸುತ್ತಾರೆ. ನೋವು ಬಂದ ಮೇಲೆ ನುಂಗುವ ಗುಳಿಗೆ ಇದಲ್ಲ. ದಿನವೂ ತೆಗೆದುಕೊಳ್ಳಬೇಕು, ಆರೆಂಟು ವಾರ ಕಾಯಬೇಕು. ಪೂರ್ಣ ನಿಂತುಹೋಗುವುದೆಂದು ಯಾರೂ ಭಾಷೆ ಕೊಡುವುದಿಲ್ಲ; ಹತ್ತು ಐದಾದರೆ ಗೆದ್ದಂತೆ.

ನಮಗೆ ಮೊದಲ ವಾರ ಗೆದ್ದಂತೆ ತೋರಲಿಲ್ಲ. ಬೆಳಗಿನ ನಾಲ್ಕೂವರೆಗೆ ತಾನಾಗಿಯೇ ಏಳುತ್ತಿದ್ದ ಮೈ ಆರಾದರೂ ಏಳದಾಯಿತು. ಪೂಜೆಯಲ್ಲಿ ತೂಕಡಿಸಿದೆವು. ಬಾಯಿ ಒಣಗಿ ನಾಲಗೆ ಅಂಗಳಕ್ಕೆ ಅಂಟಿಕೊಳ್ಳುತ್ತಿತ್ತು. ಮಾತೇ ಕಾಯಕವಾದವನಿಗೆ ಇದಕ್ಕಿಂತ ಶಿಕ್ಷೆ ಬೇರಿಲ್ಲ. ಒಂದು ಊರಿನ ಪ್ರವಚನದಲ್ಲಿ ಗಂಟೆಗೆ ಏಳು ಸಲ ನೀರು ಕುಡಿದುದನ್ನು ಮಕ್ಕಳು ಎಣಿಸಿದ್ದರು. ಮಲಬದ್ಧತೆಯೂ ಸೇರಿತು, ಮೈ ನಾಲ್ಕು ಕಿಲೋ ಏರಿತು. ವೈದ್ಯರು ಗುಳಿಗೆಯ ಹೊತ್ತನ್ನು ಹತ್ತರಿಂದ ಎಂಟಕ್ಕೆ ತಂದರು. ಬೆಳಗಿನ ಜಡತ್ವ ಬಹಳಷ್ಟು ಇಳಿಯಿತು. ಬಾಯಿಗೆ ಏಲಕ್ಕಿ ಕಾಳು ಹಾಕಿಕೊಂಡೆವು. ಎರಡನೆಯ ತಿಂಗಳು 25ಕ್ಕೆ ಏರಿಸಿದರು. ಮೊದಲ ತಿಂಗಳ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹದಿಮೂರು, ಮೂರನೆಯದರಲ್ಲಿ ಎಂಟು, ಆರನೆಯದರಲ್ಲಿ ನಾಲ್ಕು. ಇದರಲ್ಲಿ ನೋವಿನ ಗುಳಿಗೆ ಬಿಟ್ಟದ್ದರ ಪಾಲೆಷ್ಟು, ಹೊಸ ಗುಳಿಗೆಯ ಪಾಲೆಷ್ಟು ಎಂದು ಬೇರ್ಪಡಿಸಲು ಬಾರದೆಂದು ವೈದ್ಯರೇ ಹೇಳಿದರು. 2010ರ ಶ್ರಾವಣದಲ್ಲಿ ಮೂವತ್ತು ದಿನದ ಪ್ರವಚನವನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದೆವು. ಮಂಗಲದ ದಿನ ಜನರು ಗುರುಕೃಪೆಯೆಂದರು. ನಾವು ಕೈಮುಗಿದೆವು, ಡಬ್ಬಿಯ ಮಾತು ಎತ್ತಲಿಲ್ಲ.

ಇನ್ನು ಆ ಮಗಳ ವಿಷಯ. ಅವಳು ನಮ್ಮ ತಮ್ಮನ ಮಗಳು. ಈ ಬೇನೆ ವಂಶದಲ್ಲಿ ಹರಿಯುವುದೂ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚಾಗಿ ಬರುವುದೂ ತಿಳಿದ ಸಂಗತಿಯೇ. 2015ರಲ್ಲಿ ಅವಳ ಲಗ್ನವಾಯಿತು. ಮರುವರ್ಷ ನೋವು ಹೆಚ್ಚಾಗಿ ಗಂಡನೇ ವೈದ್ಯರಲ್ಲಿಗೆ ಕರೆದೊಯ್ದನು. ಅವಳಿಗೆ ನಿದ್ದೆಯೂ ಬರುತ್ತಿರಲಿಲ್ಲವಾದ್ದರಿಂದ ಅವರು ಅದೇ ಗುಳಿಗೆಯನ್ನು ಬರೆದರು. ಗುಣ ಕಾಣತೊಡಗಿತ್ತು. ಎರಡು ತಿಂಗಳಾಗಿರಬೇಕು, ಆ ಮನೆಗೆ ಬಂದ ನೆಂಟನೊಬ್ಬನು ಗುಳಿಗೆಯ ಹೆಸರನ್ನು ಓದಿ, ಇದು ಖಿನ್ನತೆಯವರದು ಎಂದನಂತೆ. ಅಂದೇ ಅವಳ ಮಾವನವರು ಪಟ್ಟಿಯನ್ನು ತಿಪ್ಪೆಗೆ ಎಸೆದರು. ನಮ್ಮ ತಮ್ಮನಿಗೆ ಫೋನು ಮಾಡಿ, "ತಲಿ ಸರಿ ಇಲ್ಲದ ಮಗಳನ್ನ ಮುಚ್ಚಿಟ್ಟು ಕೊಟ್ಟೀರಿ" ಎಂದರು. ಒಮ್ಮೆಲೇ ಬಿಟ್ಟುದರಿಂದ ಅವಳಿಗೆ ನಾಲ್ಕೈದು ದಿನ ನಿದ್ದೆ ಹತ್ತಲಿಲ್ಲ, ಹೊಟ್ಟೆ ತೊಳಸಿತು, ಮೈ ನಡುಗಿತು. ಅದನ್ನು ಕಂಡು ಅವರಿಗೆ ತಮ್ಮ ಮಾತೇ ನಿಜವೆನಿಸಿತು. ಈ ಗುಳಿಗೆಯನ್ನು ಹಂತಹಂತವಾಗಿ ಇಳಿಸಿಯೇ ಬಿಡಬೇಕೆಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಗಳನ್ನು ತವರಿಗೆ ಕಳುಹಿದರು. ಯಾವಾಗ ಮರಳಿ ಬರಬೇಕೆಂದು ಹೇಳಲಿಲ್ಲ.

ಅವಳು ನಮ್ಮ ಮನೆಗೆ ಬಂದು ಕತ್ತಲೆ ಮಾಡಿಕೊಂಡು ಮಲಗಿದ್ದಳು. ಹಣೆಗೆ ಬಟ್ಟೆ ಹಾಕಲು ಹೋದಾಗ, "ದೊಡ್ಡಪ್ಪಾ, ನನಗ ಖರೇನ ತಲಿ ಕೆಟ್ಟೈತೇನು?" ಎಂದು ಕೇಳಿದಳು. ಪಕ್ಕದ ಕೋಣೆಯಲ್ಲಿ ನಮ್ಮ ಡಬ್ಬಿ ಇತ್ತು. ಹೋಗಿ ತಂದು ಅವಳ ಕೈಗೆ ಕೊಟ್ಟೆವು. ಅವಳು ಬಹಳ ಹೊತ್ತು ಪಟ್ಟಿಯನ್ನು ತಿರುಗಿಸಿ ಓದಿ, "ಎಷ್ಟು ವರ್ಷಾತು?" ಎಂದಳು. ಏಳು ಎಂದೆವು. "ಮೊದಲ ಹೇಳಿದ್ರ ನಾ ಅವರಿಗೆ ನಿಮ್ಮ ಹೆಸರ ಹೇಳತಿದ್ನಲ್ಲಾ" ಎಂದಳು. ಅವಳು ಸಿಟ್ಟಿನಿಂದ ಆಡಿದ್ದರೆ ಸಹಿಸಬಹುದಿತ್ತು.

ಆ ಸೋಮವಾರವೇ ತಮ್ಮನೊಡನೆ ಬೀಗರ ಊರಿಗೆ ಹೋದೆವು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದರು. ನಮ್ಮ ಮೇಲಿನ ಗೌರವಕ್ಕೆ ಕೊರತೆ ಮಾಡಲಿಲ್ಲ. ಹಾಲು ಕುಡಿದಾದ ಮೇಲೆ ಡಬ್ಬಿಯನ್ನು ತೆಗೆದು ಅವರ ಮುಂದಿಟ್ಟು, ಇದು ನಮ್ಮದು, ಏಳು ವರ್ಷದಿಂದ ದಿನವೂ ತಿನ್ನುತ್ತೇವೆ, ಹೋದ ವರ್ಷ ನಿಮ್ಮೂರಿನ ಪ್ರವಚನವನ್ನು ಇದನ್ನು ತಿಂದೇ ಮಾಡಿದ್ದು ಎಂದೆವು. ಬೀಗರು ಮಾತಾಡಲಿಲ್ಲ. ಪಟ್ಟಿಯನ್ನು ಮುಟ್ಟಲೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರ ತಂಡವು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ, ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು 25 ಜನರಿಗೆ ಅರೆತಲೆಶೂಲೆ ಬರುವುದೆಂದು 2015ರಲ್ಲಿ ಪ್ರಕಟಿಸಿತ್ತು. ಅದನ್ನು ಹೇಳಿದೆವು. ಅಷ್ಟು ಜನರೂ ತಲೆ ಕೆಟ್ಟವರೇ ಎಂದು ಕೇಳಿದೆವು. ಅದಕ್ಕೂ ಅವರು ಹೂಂ ಅನ್ನಲಿಲ್ಲ. ನಾವು ಸೋತೆವೆಂದೇ ಎದ್ದು ನಿಂತಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿಯವರು, "ಅಣ್ಣಾರ, ಆ ಗುಳಿಗಿಗೆ ಎಷ್ಟು ರೊಕ್ಕ ಆಗತೈತ್ರಿ?" ಎಂದು ಕೇಳಿದರು. ಮೂವತ್ತು ವರ್ಷದಿಂದ ತಿಂಗಳಿಗೆ ನಾಲ್ಕು ದಿನ ತಲೆಗೆ ಸೀರೆಯ ಸೆರಗನ್ನು ಬಿಗಿದು ಕಟ್ಟಿಕೊಂಡೇ ರೊಟ್ಟಿ ಬಡಿದವರು ಅವರು. ಗಂಡನಿಗೂ ಅದು ಗೊತ್ತಿತ್ತು. ಅದಕ್ಕೊಂದು ಹೆಸರಿದೆಯೆಂಬುದು ಗೊತ್ತಿರಲಿಲ್ಲ.

ಮಗಳು ಎರಡು ವಾರದಲ್ಲಿ ಮರಳಿ ಹೋದಳು. ಅವಳೇ ಅತ್ತೆಯನ್ನು ವೈದ್ಯರಲ್ಲಿಗೆ ಕರೆದೊಯ್ದಳು. ಪರೀಕ್ಷೆಯಲ್ಲಿ ಬೀಗಿತ್ತಿಯವರ ಕಣ್ಣೊಳಗಿನ ಒತ್ತಡ ಹೆಚ್ಚಿದ್ದುದು ತಿಳಿದು, ಅಂಥವರಿಗೆ ಅಮಿಟ್ರಿಪ್ಟಿಲೀನ್ ಅಪಾಯವಾದೀತೆಂದು ಪ್ರೊಪ್ರನೊಲಾಲ್ ಎಂಬ ಬೇರೆ ಔಷಧವನ್ನು ಕೊಟ್ಟರು. ಅದೂ ತಲೆಶೂಲೆಯನ್ನು ತಡೆಯುವುದರಲ್ಲಿ ಹೆಸರಾದುದೇ. ಆದರೆ ಉಬ್ಬಸದವರಿಗೆ ಅದು ಬಾರದು. ಹೀಗೆ ಒಬ್ಬರ ಅಮೃತ ಇನ್ನೊಬ್ಬರಿಗೆ ವಿಷವಾಗುವುದರಿಂದಲೇ, ನಮ್ಮ ಬರಹ ಓದಿ ಯಾರೂ ಅಂಗಡಿಗೆ ಹೋಗಿ ಈ ಗುಳಿಗೆಯನ್ನು ಕೇಳಬಾರದು. ಹೃದಯದ ಬಡಿತದಲ್ಲಿ ದೋಷವಿದ್ದವರು, ಬೇರೆ ಔಷಧ ತೆಗೆದುಕೊಳ್ಳುವವರು, ಬಸುರಿಯಾಗಬೇಕೆಂದಿರುವ ಹೆಣ್ಣುಮಕ್ಕಳು ವೈದ್ಯರಿಗೆ ಎಲ್ಲವನ್ನೂ ಹೇಳಬೇಕು. ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಬೇಕು. ಹೆಚ್ಚು ಹೊಟ್ಟೆಗೆ ಹೋದರೆ ಇದು ಹೃದಯವನ್ನೇ ನಿಲ್ಲಿಸಬಲ್ಲುದು. ಚಾಳೀಸಿನ ಡಬ್ಬಿ ಇದಕ್ಕೆ ತಕ್ಕ ಜಾಗವಲ್ಲ. ನಮ್ಮ ಮೊಮ್ಮಗನು ಆ ಕಪಾಟಿನ ಕೆಳಗೇ ಆಡುತ್ತಿದ್ದನೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಮೇಲೆ ನಾವು ಪ್ರವಚನಗಳಲ್ಲಿಯೂ ಈ ಪ್ರಸಂಗವನ್ನು ಹೇಳತೊಡಗಿದೆವು. ಹೇಳುವಾಗಲೆಲ್ಲ, ಇದು ಮನಸ್ಸಿನ ರೋಗದ ಗುಳಿಗೆಯಲ್ಲ, ನಮಗೆ ಮನಸ್ಸಿನ ರೋಗವಿಲ್ಲ ಎಂದು ಒತ್ತಿ ಒತ್ತಿ ಹೇಳುತ್ತಿದ್ದೆವು. 2018ರಲ್ಲಿ ಒಂದು ಊರಿನಲ್ಲಿ ಪ್ರವಚನ ಮುಗಿದ ಮೇಲೆ ನಿವೃತ್ತ ಶಿಕ್ಷಕರೊಬ್ಬರು ಶರಣು ಮಾಡಿ ಪಕ್ಕಕ್ಕೆ ಕರೆದು, "ನಾನು ಅದನ್ನ ಮನಸ್ಸಿನ ರೋಗಕ್ಕನ ತೊಗೊಂಡೀನ್ರಿ. ಹೆಂಡತಿ ಹೋದ ಮ್ಯಾಲ ಬದುಕೋದ ಬ್ಯಾಡ ಅನಿಸಿತ್ತು. ಅದರಿಂದನ ಉಳದೀನಿ. ನೀವು ನಿಮ್ಮ ಗುಳಿಗೀನ ಬಿಡಿಸಿಕೊಂಡ್ರಿ, ನನ್ನ ಗುಳಿಗೀನ ಅಲ್ಲೇ ತಿಪ್ಪಿಯೊಳಗ ಬಿಟ್ಟ್ರಿ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಕೋಣೆಗೆ ಬಂದು ಆ ರಾತ್ರಿ ಬಹಳ ಹೊತ್ತು ಕುಳಿತಿದ್ದೆವು. ಅಂಗಡಿಯ ಹುಡುಗನಿಗೂ ನಮಗೂ ಇದ್ದ ಅಂತರ ಅಷ್ಟು ದೊಡ್ಡದಾಗಿ ತೋರಲಿಲ್ಲ. ಅಂದಿನಿಂದ ಆ ವಾಕ್ಯವನ್ನು ಆಡುವುದನ್ನು ಬಿಟ್ಟೆವು. ತಲೆಗೂ ಬರುತ್ತದೆ, ಮನಸ್ಸಿಗೂ ಬರುತ್ತದೆ, ಎರಡಕ್ಕೂ ಔಷಧವುಂಟು ಎನ್ನುತ್ತೇವೆ. ಆ ಶಿಕ್ಷಕರು ಎರಡು ವರ್ಷ ನಮಗೆ ಕಾಗದ ಬರೆಯುತ್ತಿದ್ದರು.

ಈಗ ನಾವು ಆ ಗುಳಿಗೆಯನ್ನು ತೆಗೆದುಕೊಳ್ಳುತ್ತಿಲ್ಲ. 2023ರಲ್ಲಿ ಮೂತ್ರ ತಡೆಯಾಗತೊಡಗಿತು. ಪ್ರೋಸ್ಟೇಟ್ ಗ್ರಂಥಿ ಬೆಳೆದಿರುವವರಿಗೆ ಈ ಗುಳಿಗೆ ಅದನ್ನು ಇನ್ನಷ್ಟು ಬಿಗಿಯುವುದಂತೆ. ವಯಸ್ಸಾದವರಿಗೆ ತಲೆ ಮಂಕಾಗುವುದು, ಆಯ ತಪ್ಪಿ ಬೀಳುವುದು ಇವೂ ಇದರಿಂದ ಉಂಟಾಗುವುದರಿಂದ 65 ವರ್ಷಕ್ಕೆ ಬಂದವರಿಗೆ ಆದಷ್ಟು ಕೊಡಬಾರದೆಂದು ಅಮೆರಿಕದ ವೃದ್ಧಚಿಕಿತ್ಸೆಯ ತಜ್ಞರು ಮಾಡಿದ ಬೀರ್ಸ್ ಪಟ್ಟಿಯಲ್ಲಿದೆ. ವೈದ್ಯರು 25ನ್ನು 10ಕ್ಕೆ, 10ನ್ನು ದಿನ ಬಿಟ್ಟು ದಿನಕ್ಕೆ ಇಳಿಸಿ ಆರು ವಾರದಲ್ಲಿ ಬಿಡಿಸಿದರು. ರಕ್ತದೊತ್ತಡಕ್ಕೆ ಹೇಗೂ ಒಂದು ಗುಳಿಗೆ ಬೇಕಾಗಿತ್ತು. ತಲೆಶೂಲೆಯನ್ನೂ ತಡೆಯಬಲ್ಲ ಕ್ಯಾಂಡೆಸಾರ್ಟಾನ್ ಎಂಬುದನ್ನು ಕೊಟ್ಟಿದ್ದಾರೆ. ಬಾಯಿ ಒಣಗುವುದಿಲ್ಲ. ಗುರುತುಗಳು ತಿಂಗಳಿಗೆ ಎರಡೋ ಮೂರೋ. ಶಿವರಾತ್ರಿಯ ಉಪವಾಸ ಮಾಡುತ್ತೇವೆ, ಜಾಗರಣೆಯನ್ನು ಮಾತ್ರ ಹನ್ನೆರಡಕ್ಕೆ ಮುಗಿಸುತ್ತೇವೆ.

ಬೀಗರು ಇಂದಿಗೂ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಆ ಗುಳಿಗೆ' ಎನ್ನುತ್ತಾರೆ. ಆದರೆ ಪೇಟೆಗೆ ಹೋದಾಗ ಸೊಸೆಗೆ ತಾವೇ ತಂದುಕೊಡುತ್ತಾರಂತೆ. ನಡುವೆ ಎರಡು ಹೆರಿಗೆಗಳಿಗಾಗಿ ವೈದ್ಯರು ಬಿಡಿಸಿ, ಆಮೇಲೆ ಮತ್ತೆ ಆರಂಭಿಸಿದ್ದಾರೆ. ಮೊನ್ನೆ ಫೋನು ಮಾಡಿದ್ದಳು. ಈ ತಿಂಗಳು ಅವಳ ಕ್ಯಾಲೆಂಡರಿನಲ್ಲಿ ಮೂರು ಗುರುತು, ನಮ್ಮದರಲ್ಲಿ ಎರಡು. ಬೀಗಿತ್ತಿಯವರು ಗುರುತು ಹಾಕುವುದನ್ನು ಮರೆಯುತ್ತಾರಂತೆ.